20 + 20 = 36

ಎಸ್ಸೆಸ್ಸೆಲ್ಸಿಯಲ್ಲಿ 2025ರವರೆಗೆ 35 ಬಂದರೆ ಪಾಸಾಗಿತ್ತು. ನನಗೆ 36 ಬಂದಿದೆ, ಆದರೂ ಫೇಲು. ಅಂಗವಿಕಲ ಅನ್ನಿಸಿಕೊಂಡು ಸವಲತ್ತು ಪಡೆಯಲು ಶೇಕಡಾ 40 ಬೇಕು. 2024ರಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗ್ರೇಸ್ ಮಾರ್ಕ್ಸನ್ನು ಪ್ರಸಾದದಂತೆ ಹಂಚಿದ ರಾಜ್ಯ ನಮ್ಮದು. ನಾನು ಕೇಳಿದ್ದು ನಾಲ್ಕೇ ನಾಲ್ಕು.

ಆಸ್ಪತ್ರೆಯಲ್ಲಿ ಸರ್ಟಿಫಿಕೇಟಿನ ತಪಾಸಣೆ. ಬಲಗಾಲಿಗೆ 20 ಕೊಟ್ಟರು. ಎಡಗಾಲಿಗೂ 20. ಮನಸ್ಸಿನಲ್ಲೇ ಕೂಡಿ ಖುಷಿಪಟ್ಟೆ. "ಹಾಗೆಲ್ಲ ಕೂಡೋ ಹಾಗಿಲ್ಲ ಸಾರ್, ಫಾರ್ಮುಲಾ ಇದೆ" ಎಂದರು ಡಾಕ್ಟರು. ನಿಜಕ್ಕೂ ಇದೆ, ಸರ್ಕಾರಿ ಮಾರ್ಗಸೂಚಿಯಲ್ಲೇ ಇದೆ. 90ರಲ್ಲಿ ಒಂದು ಕಾಲಿನ ಅಂಕ ಕಳೆಯಿರಿ. ಉಳಿದದ್ದನ್ನು ಇನ್ನೊಂದು ಕಾಲಿನ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ. ಬಂದದ್ದನ್ನು ಮೊದಲನೇ ಕಾಲಿಗೆ ಸೇರಿಸಿ. 35.56! ದೊಡ್ಡ ಮನಸ್ಸು ಮಾಡಿ 36 ಎಂದು ಬರೆದರು. ಎಡಗಾಲಿಗೆ ಟಿಡಿಎಸ್ ಹಿಡಿದರು ಅಂದುಕೊಂಡೆ.

ಕಾಯಿಲೆಯ ಹೆಸರು ಶಾರ್ಕೋ-ಮರಿ-ಟೂತ್. 1886ರಲ್ಲಿ ಇದನ್ನು ವಿವರಿಸಿದ ಮೂವರು ಡಾಕ್ಟರುಗಳ ಹೆಸರು ಅದು. ಟೂತ್ ಅಂತ ಓದಿದ ಕೌಂಟರಿನವರು ನನ್ನನ್ನು ಹಲ್ಲಿನ ವಿಭಾಗಕ್ಕೆ ಕಳಿಸಿದ್ದು ಬೇರೆ ಕತೆ. ಕೈಕಾಲಿನ ನರಗಳು ನಿಧಾನವಾಗಿ ಸೋಲುತ್ತವೆ. ಮೊಣಕಾಲ ಕೆಳಗೆ ಕೊಕ್ಕರೆ ಕಾಲು. ನಮ್ಮಜ್ಜನಿಗೆ ಚಪ್ಪಲಿ ಜಾರಿದ್ದೇ ಗೊತ್ತಾಗುತ್ತಿರಲಿಲ್ಲ. ಊರವರು ಹಿಂದಿನಿಂದ ಕೂಗಿ ಹೇಳುತ್ತಿದ್ದರು.

ಪಿಂಚಣಿ ವಿಚಾರಿಸಲು ನಾಡಕಚೇರಿಗೂ ಹೋಗಿದ್ದೆ. ಅಂಗವೈಕಲ್ಯ ಶೇಕಡಾ 40 ಮುಟ್ಟಿದ ಬಡವರಿಗೆ ತಿಂಗಳಿಗೆ 800 ರೂಪಾಯಿ ಇದೆಯಲ್ವಾ.

"ಏನು ತೊಂದರೆ?"

"ಅಪ್ಪನ ಕಡೆಯಿಂದ ಬಂದ ಮ್ಯುಟೇಶನ್ ಸಾರ್."

"ಪೌತಿ ಖಾತೆನಾ? ಸರ್ವೆ ನಂಬರ್ ಹೇಳಿ."

17 ಎಂದೆ. ಸುಳ್ಳಲ್ಲ. ಹದಿನೇಳನೇ ಕ್ರೋಮೋಸೋಮಿನಲ್ಲಿ ಒಂದು ಜೀನು ನಮ್ಮ ಮನೆಯವರಿಗೆ ಡಬಲ್ ಇದೆ. ಅಜ್ಜನಿಗಿದ್ದ ಎರಡೆಕರೆ ಸಾಲಕ್ಕೆ ಹೋಯಿತು, ಇದು ಮಾತ್ರ ಯಾವ ತಕರಾರೂ ಇಲ್ಲದೆ ಕೈಸೇರಿತು. ಪೌತಿ ಖಾತೆಯೂ ಅಲ್ಲ, ಅಪ್ಪ ಬದುಕಿದ್ದಾಗಲೇ ಆದ ದಾನಪತ್ರ. ನನ್ನ ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಂಶವೃಕ್ಷ ಬೇಕಾದರೆ ಕಾಲು ನೋಡಿಯೇ ಬರೆಯಬಹುದು, ವಿಲೇಜ್ ಅಕೌಂಟೆಂಟರು ಬರಬೇಕಿಲ್ಲ.

ರೈಲ್ವೆ ಇನ್ನೂ ಒಂದು ಕೈ ಮೇಲೆ. ಕಾಲಿನ ತೊಂದರೆ ಇರುವವರಲ್ಲಿ, ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾಗದವರಿಗೆ ಮಾತ್ರ ರಿಯಾಯಿತಿ. ಅದನ್ನು ಕೇಳಲು ನಾನು ಒಬ್ಬನೇ ಹೋದೆ. ಅಲ್ಲಿಗೆ ಮುಗಿಯಿತು.

2024ರ ಅಕ್ಟೋಬರ್‌ನಿಂದ ಅಂಗವಿಕಲರ ಗುರುತಿನ ಕಾರ್ಡಿಗೆ ಬಣ್ಣವೂ ಬಂದಿದೆ. 80 ದಾಟಿದರೆ ನೀಲಿ, 40 ದಾಟಿದರೆ ಹಳದಿ, ನನ್ನಂಥವರಿಗೆ ಬಿಳಿ. ಸರ್ಟಿಫಿಕೇಟು ತಾತ್ಕಾಲಿಕ, ಮೂರು ವರ್ಷ ಬಿಟ್ಟು ಮತ್ತೆ ತಪಾಸಣೆ. ಮೂರು ತಲೆಮಾರಿನಿಂದ ಬಂದ ಕಾಯಿಲೆ ಮೂರು ವರ್ಷದಲ್ಲಿ ಮನಸ್ಸು ಬದಲಾಯಿಸಬಹುದು ಎಂಬ ಆಸೆ ಇರಬೇಕು. ಎಂಥಾ ಆಶಾವಾದಿ ಸರ್ಕಾರ!

ಸಾಕಾಗಿದೆ ಮಾರಾಯ್ರೇ. ಬೆಳಿಗ್ಗೆ ಅಂಗಿ ಗುಂಡಿ ಹಾಕಲು ಹತ್ತು ನಿಮಿಷ ಬೇಕು. ಸಂಜೆಗೆ ಮೆಟ್ಟಿಲು ಕಂಡರೆ ಅಳು ಬರುತ್ತದೆ. ಸುಸ್ತಿಗೆ ಅಂಕವಿಲ್ಲ. ಬಿದ್ದು ಎದ್ದದ್ದಕ್ಕೂ ಇಲ್ಲ. ಐಎಎಸ್ ಪ್ರೊಬೇಷನರ್ ಒಬ್ಬರ ಅಂಗವಿಕಲ ಸರ್ಟಿಫಿಕೇಟು ನಕಲಿ ಎಂಬ ಗಲಾಟೆ ಆದಾಗಿನಿಂದ ಎಲ್ಲರ ಕಣ್ಣೂ ನಮ್ಮ ಕಾಲ ಮೇಲೆ. ಬಸ್ಸಿನಲ್ಲಿ ಸೀಟು ಕೇಳಿದರೂ "ಚೆನ್ನಾಗೇ ಇದ್ದೀರಲ್ಲ" ಅನ್ನುತ್ತಾರೆ. ನಕಲಿಯವರು ಎಲ್ಲೋ ಪಾಸಾಗುತ್ತಾರೆ. ಸಾಕ್ಷಿ ಹೇಳಬೇಕಾದವರು ನಾವು.

ಆಸ್ಪತ್ರೆಯಿಂದ ವಾಪಸ್ ಬರುವಾಗ ಬಾಗಿಲಲ್ಲಿದ್ದ ಅಟೆಂಡರ್ ಕೈಹಿಡಿದು ಪಕ್ಕಕ್ಕೆ ಕರೆದ. ಒಳ್ಳೆಯ ಮನುಷ್ಯ.

"ನೀವು ನಡ್ಕೊಂಡು ಬಂದದ್ದೇ ತಪ್ಪು ಸಾರ್. ಮುಂದಿನ ಸಲ ಇಬ್ಬರ ಕೈಲಿ ಎತ್ತಿಸ್ಕೊಂಡು ಬನ್ನಿ."