ಮೊದಲ ಮೆಟಲ್ ಗಿಟಾರ್‌ಗೆ ಕೊಂಬು ಬೇಡ

ಅಕ್ಕನ ಮಗ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಗಿಟಾರಿನ ಫೋಟೋ ಕಳಿಸಿದ. ಕಪ್ಪು ಬಣ್ಣ, ವಿ ಆಕಾರ, ಎರಡೂ ಕೊಂಬು ಚೂಪು. ಕೆಳಗೆ ಒಂದೇ ಸಾಲು: 'ಮಾಮ, ಮೆಟಲ್‌ಗೆ ಇದೇ ಅಲ್ವಾ?'

ನಗು ಬಂತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡ್ ಮೆಟಾಲಿಕಾ ನೋಡಿ ಬಂದ ವಾರದಲ್ಲೇ ನಾನೂ ಇಂಥದ್ದೊಂದನ್ನು ಮನೆಗೆ ತಂದಿದ್ದೆ. 'ಮೆಟಲ್‌ಗೆ ಇದೇ ಸರ್' ಎಂದು ಅಂಗಡಿಯವನೂ ಹೇಳಿದ್ದ. ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು, ಬುದ್ಧಿ ಎಲ್ಲಿಂದ ಬರಬೇಕು?

ಕನ್ನಡಿ ಮುಂದೆ ನಿಂತರೆ ಚೆನ್ನಾಗೇ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತರೆ ತೊಡೆಯಿಂದ ಜಾರುತ್ತಿತ್ತು. ಎರಡು ಕೊಂಬಿನ ನಡುವೆ ತೊಡೆ ತೂರಿಸಿ ಕೂರಬೇಕು ಎಂದು ಯಾರೋ ಹೇಳಿಕೊಡುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು.

ಅದಕ್ಕಿಂತ ದೊಡ್ಡ ಕಾಟ ಬ್ರಿಡ್ಜ್‌ನದು, ಅಂದರೆ ಗಿಟಾರಿನ ಮೈಮೇಲೆ ತಂತಿಗಳು ಕೂರುವ ಭಾಗದ್ದು. ಫ್ಲಾಯ್ಡ್ ರೋಸ್ ಮಾದರಿ, ಅದೂ ಅಗ್ಗದ ನಕಲು. ಈ ಬ್ರಿಡ್ಜ್ ಗಿಟಾರ್ ಮೇಲೆ ಗಟ್ಟಿಯಾಗಿ ಕೂತಿರುವುದಿಲ್ಲ. ಒಂದು ಕಡೆಯಿಂದ ತಂತಿ ಎಳೆಯುತ್ತದೆ, ಇನ್ನೊಂದು ಕಡೆಯಿಂದ ಸ್ಪ್ರಿಂಗ್. ತಕ್ಕಡಿ ಇದ್ದ ಹಾಗೆ. ಒಂದು ತಂತಿ ಕಿತ್ತುಹೋದರೆ ಸ್ಪ್ರಿಂಗ್ ಗೆದ್ದು, ಉಳಿದ ಐದು ತಂತಿಗಳ ಶ್ರುತಿಯೂ ಏರಿಬಿಡುತ್ತದೆ. ಮೆಟಲ್‌ನವರಿಗೆ ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುವ ಚಟ ಬೇರೆ. ಆಗಲೂ ಇದೇ ರಗಳೆ. ಎಷ್ಟೋ ಸಂಜೆ ಶ್ರುತಿ ಮಾಡುವುದರಲ್ಲೇ ಮುಗಿಯಿತು, ನುಡಿಸಲೇ ಇಲ್ಲ. ಒಳ್ಳೆಯ ಫ್ಲಾಯ್ಡ್ ರೋಸ್ ಬೇರೆ ಮಾತು. ಆದರೆ ಕಲಿಯುವವರಿಗೆ ಅಲುಗಾಡದ ಬ್ರಿಡ್ಜ್ ಸಾಕು.

ನಾನು ಪಟ್ಟು ಹಿಡಿಯುವುದು ಪಿಕಪ್, ಅಂದರೆ ತಂತಿಯ ಕಂಪನವನ್ನು ಕರೆಂಟಿನ ಸಂಕೇತ ಮಾಡುವ ಭಾಗದ ವಿಷಯದಲ್ಲಿ. ಹಂಬಕರ್ ಎಂಬ ಜಾತಿಯ ಪಿಕಪ್ ಇಲ್ಲದ ಗಿಟಾರ್ ಬೇಡ. ಸದ್ದು ಹಿಗ್ಗಿಸುವ ಆಂಪ್‌ನಲ್ಲಿ ಗೇನ್, ಅಂದರೆ ಸಂಕೇತದ ಬಲ, ಏರಿಸಿದರೆ ತಂತಿಯ ಸದ್ದಿನ ಜೊತೆ ಕರೆಂಟಿನ ಗುಂಯ್ ಕೂಡ ಏರುತ್ತದೆ. ನಮ್ಮ ಹಳೆ ಮನೆಗಳ ಅರ್ಥಿಂಗ್ ಬಗ್ಗೆ ಕೇಳಲೇ ಬೇಡಿ. ಹಂಬಕರ್‌ನಲ್ಲಿ ಎರಡು ಸುರುಳಿ ಇರುತ್ತವೆ, ಒಂದಕ್ಕೊಂದು ಉಲ್ಟಾ. ಗುಂಯ್ ಸದ್ದು ಅಲ್ಲೇ ವಜಾ ಆಗುತ್ತದೆ, ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. 1955ರ ಸುಮಾರಿಗೆ ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೆತ್ ಲವರ್ ಇದನ್ನು ಮಾಡಿದಾಗ ಮೆಟಲ್ ಹುಟ್ಟಿರಲೇ ಇಲ್ಲ! ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಡೇವ್ ಮರ್ರಿ ಕೈಯಲ್ಲಿ ಸಾದಾ ಸ್ಟ್ರಾಟೋಕಾಸ್ಟರ್ ಗಿಟಾರಿನ ಆಕಾರವೇ ಇರುತ್ತದೆ, ಆದರೆ ಅದರಲ್ಲಿ ಹಂಬಕರ್ ಕೂತಿರುತ್ತದೆ.

ಮರ ಯಾವುದು ಎಂದು ಜಗಳ ಆಡುವವರಿದ್ದಾರೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಅಷ್ಟು ಹಾಕಿದ ಮೇಲೆ ಮಹೋಗನಿಯೋ ಬಾಸ್‌ವುಡ್ಡೋ ನನ್ನ ಕಿವಿಗಂತೂ ಗೊತ್ತಾಗುವುದಿಲ್ಲ.

ಇನ್ನು ಶ್ರುತಿ ಇಳಿಸುವ ಚಟ ಎಲ್ಲಿಂದ ಬಂತು ಗೊತ್ತಾ? ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ, ಬರ್ಮಿಂಗ್‌ಹ್ಯಾಮ್‌ನ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡರು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಆಮೇಲೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾದರೆ ಬೆರಳಿಗೆ ನೋವು ಕಮ್ಮಿ. 1971ರ ಹೊತ್ತಿಗೆ ಬ್ಲ್ಯಾಕ್ ಸಬ್ಬತ್‌ನ ಕೆಲವು ಹಾಡುಗಳಲ್ಲಿ ಮೂರು ಫ್ರೆಟ್‌ನಷ್ಟು, ಅಂದರೆ ಮೂರು ಅರ್ಧಸ್ವರದಷ್ಟು, ಕೆಳಗೆ ಹೋಗಿದ್ದರು. ನಮಗೆ ಬೆರಳೆಲ್ಲ ನೆಟ್ಟಗಿವೆ, ಹಾಗಾಗಿ ಅಷ್ಟು ಕೆಳಗೆ ಹೋಗುವುದಾದರೆ ದಪ್ಪ ತಂತಿ ಹಾಕಬೇಕು. ಇಲ್ಲದಿದ್ದರೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. ಸ್ಕೇಲ್, ಅಂದರೆ ತಂತಿಯ ನುಡಿಯುವ ಉದ್ದ, 25.5 ಇಂಚು ಇದ್ದರೆ ಇನ್ನೂ ಒಳ್ಳೆಯದು. ಗಿಬ್ಸನ್‌ನ 24.75ಕ್ಕಿಂತ ಅದರಲ್ಲಿ ಬಿಗಿ ಜಾಸ್ತಿ.

ಇಷ್ಟನ್ನೂ ಅವನಿಗೆ ಬರೆದೆ. ತೊಡೆ ಮೇಲೆ ನಿಲ್ಲುವಂಥದ್ದನ್ನು ತಗೋ, ಉಳಿದ ದುಡ್ಡು ಗಿಟಾರನ್ನು ಹದಕ್ಕೆ ತರುವ ಸೆಟಪ್‌ಗೂ ಆಂಪ್‌ಗೂ ಇಡು ಅಂತಲೂ ಸೇರಿಸಿದೆ. ಐದು ನಿಮಿಷ ಬಿಟ್ಟು ಉತ್ತರ ಬಂತು:

'ಸರಿ ಮಾಮ. ಕಪ್ಪು ಬಣ್ಣ ಆಗಬಹುದಲ್ವಾ?'

ಕಪ್ಪಿಗೆ ನನ್ನ ತಕರಾರಿಲ್ಲ.