ಪ್ಲಾಸ್ಟಿಕ್ ಹುಲ್ಲೂ ನಮ್ಮನೆ ಹಿತ್ತಲಿನ ರಾಡಿಯೂ

ಮಳೆಗಾಲದಲ್ಲಿ ನಮ್ಮನೆ ಜಗುಲಿ ಮೇಲಿನ ಹೆಜ್ಜೆ ನೋಡಿದರೆ ಇಪ್ಪತ್ತು ನಾಯಿ ಇವೆ ಅಂದುಕೊಳ್ಳುತ್ತೀರಿ. ಇರೋದು ಎರಡೇ, ಕಾಳು ಮತ್ತು ಜೂಲಿ. ತಪ್ಪು ಅವುಗಳದ್ದೂ ಅಲ್ಲ, ಹಿತ್ತಲಿನದ್ದು. ಕುಮಟೆಯಲ್ಲಿ ನಾವು ಮನೆ ಕಟ್ಟಿದ್ದು ಗದ್ದೆ ತುಂಬಿಸಿದ ಜಾಗದಲ್ಲಿ. ಮೇಲೆ ಅರ್ಧ ಅಡಿ ಕೆಂಪು ಮಣ್ಣು, ಕೆಳಗೆ ಹಳೇ ಗದ್ದೆಯ ಜೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಂಗಳವೂ ಅಲ್ಲ, ಗದ್ದೆಯೂ ಅಲ್ಲ. ಬರೀ ರಾಡಿ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಬುದ್ಧಿ ಕೆಟ್ಟು ಪ್ಲಾಸ್ಟಿಕ್ ಹುಲ್ಲು ಹಾಕಿಸಿದೆ. 20 ಅಡಿ ಉದ್ದ, 12 ಅಡಿ ಅಗಲ. ಚದರ ಅಡಿಗೆ 55 ರೂಪಾಯಿಯಂತೆ 13,200. ಬಂದವರು ಮಣ್ಣು ಸ್ವಲ್ಪ ಕೆರೆದು ಸಮ ಮಾಡಿದರು, ರೋಲ್ ಬಿಚ್ಚಿದರು, ಅಂಚಿಗೆ ಮೊಳೆ ಹೊಡೆದರು. ಮೂರು ತಾಸಿನ ಕೆಲಸ. ಅಡಿಗೆ ಏನೂ ಹಾಕೋದಿಲ್ವಾ ಅಂತ ಕೇಳಿದ್ದಕ್ಕೆ, 'ತೂತು ಇದೆ ಸರ್, ನೀರು ಇಳಿದು ಹೋಗ್ತದೆ' ಅಂದರು. ತೂತು ಇತ್ತು, ಸುಳ್ಳಲ್ಲ. ಇಳಿದ ನೀರು ಎಲ್ಲಿಗೆ ಹೋಗ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಯಿ ಬಂದು ಒಂದು ಸಲ ಕಾಲಲ್ಲಿ ಒತ್ತಿ ನೋಡಿ, 'ತಮಾ, ಇದ್ರ ಮೇಲೆ ಹಪ್ಪಳ ಒಣಗ್ಸಲೆ ಬತ್ತಾ?' ಅಂದಳು. ಬರೋದಿಲ್ಲ ಅಂದೆ. 'ಹಂಗಾರೆ ಎಂತಕ್ಕೆ?' ಅಂತ ಒಳಗೆ ಹೋದಳು.

ಮಳೆ ಹಿಡಿದು ಹತ್ತು ದಿನಕ್ಕೆ ನಾತ ಶುರುವಾಯಿತು. ಬಸ್ ಸ್ಟ್ಯಾಂಡಿನ ಮೂತ್ರಿಖಾನೆ ನೆನಪಿಸಿಕೊಳ್ಳಿ, ಅದೇ. ಮೂಲೆಯ ಮೊಳೆ ಕಿತ್ತು ಹುಲ್ಲನ್ನು ಎರಡು ಅಡಿ ಮಡಚಿದೆ. ಅಡಿಯಲ್ಲಿ ಕೆಂಪು ಮಣ್ಣೇ ಇರಲಿಲ್ಲ. ಕಪ್ಪಗೆ, ಗೇರುಬೀಜದ ಎಣ್ಣೆ ಹಾಗೆ ಹೊಳೆಯೋ ಕೆಸರು. ಅದರಲ್ಲಿ ಸತ್ತ ಎರೆಹುಳ. ಕಣ್ಣು ಉರಿಯುವಷ್ಟು ಘಾಟು. ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಮಡಚಿದ್ದನ್ನು ಹಾಗೇ ಮುಚ್ಚಿಟ್ಟೆ.

ಆಮೇಲೆ ಓದಿ ತಿಳಿದಿದ್ದು ಇಷ್ಟು. ಜೇಡಿಯ ಕಣ ಒಂದೊಂದೂ 0.002 ಮಿಲಿಮೀಟರಿಗಿಂತ ಸಣ್ಣದು. ಒದ್ದೆಯಾದರೆ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನೀರಿಗೆ ದಾರಿಯೇ ಇರೋದಿಲ್ಲ. ನಾಯಿಯ ಉಚ್ಚೆಯಲ್ಲಿ ಯೂರಿಯಾ ಇರುತ್ತದೆ, ನಿಂತಲ್ಲೇ ನಿಂತರೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಬಯಲಲ್ಲಾದರೆ ಮಳೆ ತೊಳೆದುಕೊಂಡು ಹೋಗುತ್ತದೆ, ಬಿಸಿಲು ಬಿದ್ದರೆ ಒಣಗುತ್ತದೆ. ನಾನು ಅದರ ಮೇಲೆ ಮುಚ್ಚಳ ಹಾಕಿದ್ದೆ. ಅದಕ್ಕೂ 13,200 ರೂಪಾಯಿ ಕೊಟ್ಟು.

ಈ ಹುಲ್ಲು ಹೆಸರು ಮಾಡಿದ್ದೇ 1966ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ. ಅದಕ್ಕೆ ಪೂರ್ತಿ ಚಾವಣಿ ಇತ್ತು. ಒಳಗೆ ಬಿಸಿಲು ಸಾಲದೆ ನಿಜವಾದ ಹುಲ್ಲು ಸತ್ತಿದ್ದಕ್ಕೆ ಇದನ್ನು ಹಾಸಿದರು. ಅಂದರೆ ಒಂದು ಹನಿ ಮಳೆ ಬೀಳದ ಜಾಗದಲ್ಲಿ ಹೆಸರು ಪಡೆದ ಮಾಲನ್ನು ನಾವು ನಮ್ಮ ಜುಲೈ ಕೆಳಗೆ ಹಾಸುತ್ತಿದ್ದೇವೆ. ಹಾಸಬಾರದು ಅಂತ ಅಲ್ಲ. ಆದರೆ ಹಣ ಹಾಕಬೇಕಾದ್ದು ಹುಲ್ಲಿಗಿಂತ ಜಾಸ್ತಿ ಅದರ ಬುಡಕ್ಕೆ. ಅಂಗಡಿಯಲ್ಲಿ ಅಂಗೈ ಅಗಲದ ಸ್ಯಾಂಪಲ್ ಸವರಿ ನೋಡಿ ಮೆತ್ತಗಿದೆ, ಹಸಿರಾಗಿದೆ ಅಂತ ಮರುಳಾಗ್ತೀವಿ. ಬುಡದ ಸ್ಯಾಂಪಲ್ ಯಾರೂ ತೋರಿಸೋದಿಲ್ಲ.

ದೀಪಾವಳಿ ಕಳೆದ ಮೇಲೆ ಎಲ್ಲ ಕಿತ್ತು ಮತ್ತೆ ಮಾಡಿಸಿದೆ. ಈ ಸಲ ನಮ್ಮೂರ ಗೌಂಡಿಯೇ ಬಂದ. ಆರು ಇಂಚು ಮಣ್ಣು ತೆಗೆದು, ಗಟಾರದ ಕಡೆಗೆ 10 ಅಡಿಗೆ 2 ಇಂಚಿನ ಇಳಿಜಾರು ಕೊಟ್ಟ. ದಾರ ಕಟ್ಟಿ ನೀರುಮಟ್ಟ ಹಿಡಿದು ಅರ್ಧ ದಿನ ಅದೇ ಕೆಲಸ. ನೀರು ಕೆಳಗೆ ಇಳಿಯದ ಜಾಗದಲ್ಲಿ ಅದನ್ನು ಪಕ್ಕಕ್ಕೆ ಓಡಿಸಬೇಕು, ಬೇರೆ ಉಪಾಯ ಇಲ್ಲ. ಜೇಡಿ ಮೇಲೆ ಜಿಯೋಟೆಕ್ಸ್‌ಟೈಲ್, ಅಂದರೆ ನೀರು ಬಿಟ್ಟು ಮಣ್ಣು ತಡೆಯೋ ಬಟ್ಟೆ. ಅದಿಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಜಲ್ಲಿ ಕೆಸರೊಳಗೆ ಇಳಿದು, ಕೆಸರು ಜಲ್ಲಿಯೊಳಗೆ ಏರಿ ಎರಡೂ ಒಂದಾಗುತ್ತವೆ. ಬಟ್ಟೆ ಮೇಲೆ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ. ಅದರ ಮೇಲೆ ಜಲ್ಲಿಪುಡಿ ಹಾಕೋಣ ಅಂದ, ಬೇಡ ಅಂದೆ. ಆ ಪುಡಿ ನೀರು ಕುಡಿದು ಸಿಮೆಂಟಿನ ಹಾಗೆ ಕೂರುತ್ತದೆ. ಒಟ್ಟು ಖರ್ಚು ಹುಲ್ಲಿನ ಬೆಲೆಗಿಂತ ಜಾಸ್ತಿಯೇ ಆಯಿತು. ಹುಲ್ಲು ಮಾತ್ರ ಹಳೇದೇ, ತೊಳೆದು ಅರ್ಧ ಜಾಗಕ್ಕಷ್ಟೇ ಹಾಸಿದೆ. ಉಳಿದರ್ಧ ಬರೀ ಜಲ್ಲಿ.

ಈಗ ನಾತ ಇಲ್ಲ. ದಿನಾ ಪೈಪ್ ಹಿಡಿಯಬೇಕು, ಅಷ್ಟೇ. ಫಿನಾಯಿಲ್ ಸುರಿಯಬೇಡಿ, ನಾಯಿ ಅದೇ ಕಾಲು ನೆಕ್ಕುತ್ತದೆ. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ನೀರು ನಿಲ್ಲದಿರೋದರ ಇನ್ನೊಂದು ಲಾಭ ಇಲಿಜ್ವರದ ಭಯ ಕಮ್ಮಿ. ಇಲಿಯ ಉಚ್ಚೆ ಬಿದ್ದ ನಿಂತ ನೀರಿಂದ ಅದು ನಮಗೂ ಬರುತ್ತದೆ, ನಾಯಿಗೂ ಬರುತ್ತದೆ. ನಾಯಿಗೆ ಲಸಿಕೆ ಹಾಕಿಸಿ, ಆದರೂ ನೀರು ನಿಲ್ಲಿಸಬೇಡಿ.

ಏಪ್ರಿಲ್ ಬೇರೆಯೇ ಕತೆ. ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು 60 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಅಂಗೈ ಇಟ್ಟು ಐದು ಎಣಿಸೋಕೆ ನನ್ನ ಕೈಲಿ ಆಗಲಿಲ್ಲ. ಜೂಲಿ ಒಂದು ಸಲ ಕಾಲಿಟ್ಟು ಕುಣಿದು ಓಡಿದ್ದೇ, ಸಂಜೆವರೆಗೂ ಬಾಳೆ ಬುಡದ ತಂಪು ಮಣ್ಣು ಬಿಟ್ಟು ಏಳಲಿಲ್ಲ. ಹಾಗಾಗಿ ಇಡೀ ಹಿತ್ತಲಿಗೆ ಹಾಸೋರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನಾಯಿಗೆ ಕೆರೆಯೋಕೆ, ಮಲಗೋಕೆ ಒಂದಿಷ್ಟು ಮಣ್ಣು ಬಿಡಿ ಮಾರಾಯ್ರೇ. ಸವೆದ ಎಳೆಗಳೆಲ್ಲ ಗಟಾರ ಹಿಡಿದು ಗಜನಿಗೆ (ಉಪ್ಪುನೀರು ಬರೋ ಹೊಳೆದಂಡೆಯ ಗದ್ದೆಗೆ), ಅಲ್ಲಿಂದ ಅಘನಾಶಿನಿ ಹೊಳೆಗೆ ಹೋಗೋದು ಅಂತಲೂ ನೆನಪಿರಲಿ. ನನ್ನ ಅರ್ಧದ ಪಾಲೂ ಅದರಲ್ಲಿದೆ, ಒಪ್ಪಿಕೊಳ್ತೇನೆ.

ಯಾರಾದರೂ ಹಾಕಿಸೋರಿದ್ದರೆ ಮೊದಲು ಹಿತ್ತಲಲ್ಲಿ ಒಂದು ಅಡಿ ಗುಂಡಿ ತೆಗೆದು, ರಾತ್ರಿ ನೀರು ತುಂಬಿಸಿ, ಬೆಳಿಗ್ಗೆ ನೋಡಿ. ಖಾಲಿಯಾಗಿದ್ದರೆ ನಿಮ್ಮ ಅದೃಷ್ಟ. ಗೌಂಡಿ ಹೇಳಿದ ಅಂತ ನಾನೂ ತೆಗೆದಿದ್ದೆ. ಮೂರನೇ ದಿನವೂ ನೀರಿತ್ತು. ಅದರಲ್ಲಿ ಒಂದು ಕಪ್ಪೆ ಬಂದು ಕೂತಿತ್ತು, ಕಾಳು ಗುಂಡಿಯ ಅಂಚಲ್ಲಿ ಮಲಗಿ ಅದನ್ನೇ ನೋಡ್ತಾ ಇತ್ತು.