ಹಲ್ಲು ಅಡುಗೆಮನೆ ಇಲಾಖೆಗೆ ಸೇರಿದ್ದು

ಎದೆ ಹಿಡಿದುಕೊಂಡರೆ ಜಯದೇವ. ಕಣ್ಣಿಗೆ ಪೊರೆ ಬಂದರೆ ಮಿಂಟೋ. ಕ್ಯಾನ್ಸರ್ ಅಂದರೆ ಕಿದ್ವಾಯಿ. ನರದ ತೊಂದರೆ ಅಂದರೆ ನಿಮ್ಹಾನ್ಸ್. ಹಲ್ಲುನೋವು ಬಂದರೆ? ಮಸಾಲೆ ಡಬ್ಬಿ.

ಹಾಗಂತ ಬೆಂಗಳೂರಿನಲ್ಲಿ ಹಲ್ಲಿಗೆ ಆಸ್ಪತ್ರೆ ಇಲ್ಲ ಅಂತಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲೇ 1958ರಿಂದ ಸರ್ಕಾರಿ ದಂತ ಕಾಲೇಜು ಇದೆ. ಮಣಿಪಾಲದಲ್ಲಿ 1965ರಿಂದ ಇದೆ. ಈಗ ರಾಜ್ಯದಲ್ಲಿ ದಂತ ಕಾಲೇಜುಗಳೇ 40ರ ಆಸುಪಾಸು ಇವೆ. ಹಲ್ಲಿನ ಡಾಕ್ಟರುಗಳನ್ನು ತಯಾರು ಮಾಡಿ ದೇಶಕ್ಕೆಲ್ಲ ಹಂಚುವ ನಾಡು ನಮ್ಮದು. ಆದರೂ ಆ ಡಾಕ್ಟರ ಸ್ವಂತ ಮನೆಯಲ್ಲಿ ಹಲ್ಲುನೋವು ಕಾಣಿಸಿಕೊಂಡರೆ, ಅವರಜ್ಜಿ ಮೊದಲು ಹುಡುಕುವುದು ಮೊಮ್ಮಗನನ್ನಲ್ಲ, ಲವಂಗವನ್ನು.

ಹಲ್ಲುನೋವಿಗೆ ಹಗಲು ಹೊತ್ತು ಆಗಿಬರುವುದಿಲ್ಲ. ಶನಿವಾರ ರಾತ್ರಿ, ಕ್ಲಿನಿಕ್ಕುಗಳೆಲ್ಲ ಬಾಗಿಲು ಹಾಕಿದ ಮೇಲೆ, ನೀವು ದಿಂಬಿಗೆ ತಲೆ ಕೊಟ್ಟ ಕೂಡಲೇ ಅದು ಶುರುವಾಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತ ಜಾಸ್ತಿ ಹರಿದು ಹಲ್ಲಿನೊಳಗಿನ ಒತ್ತಡ ಏರುತ್ತದೆ, ಅದಕ್ಕೇ ಈ ಕಾಟ. ಆಗ ಮನೆಯ ಮೆಡಿಕಲ್ ಬೋರ್ಡ್ ಸಭೆ ಸೇರುತ್ತದೆ. ಅಧ್ಯಕ್ಷತೆ ಅತ್ತೆಯವರದ್ದು.

"ಲವಂಗ ಕಚ್ಕೊಳಮ್ಮ, ಒಂದು ಕ್ಷಣದಲ್ಲಿ ಹೋಗುತ್ತೆ."

"ಲವಂಗ ಉಷ್ಣ ಅಲ್ವಾ ಅಕ್ಕ? ಬೆಳ್ಳುಳ್ಳಿ ಜಜ್ಜಿ ಇಡಲಿ." ಬೆಳ್ಳುಳ್ಳಿ ಯಾವಾಗ ತಂಪಾಯಿತು ಅಂತ ಯಾರೂ ಕೇಳುವುದಿಲ್ಲ.

ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದಲೇ ಸೀಬೆ ಎಲೆ ಮಂಡಿಸುತ್ತಾರೆ. ಭಾವ ಮಾತ್ರ ದನಿ ತಗ್ಗಿಸಿ, ಒಂದು ಮುಚ್ಚಳ ಬ್ರಾಂಡಿ ಬಾಯಲ್ಲಿ ಹಿಡಿದರೆ ಸಾಕು ಅನ್ನುತ್ತಾರೆ. ರೋಗಿಗೆ ಒಂಟಿ ಅನ್ನಿಸಬಾರದು ನೋಡಿ, ತಾವೂ ಜೊತೆ ಕೊಡಲು ಸಿದ್ಧ. ಅಷ್ಟರಲ್ಲಿ ಊರಿನಿಂದ ದೊಡ್ಡಪ್ಪನ ಫೋನು. ಅವರದ್ದು ಇನ್ನೂ ಖಾರ: ಎಕ್ಕದ ಹಾಲು ಬಿಡಿ, ಇಲ್ಲದಿದ್ದರೆ ಚಿಟಿಕೆ ನಶ್ಯ ಒತ್ತಿ. ಹಲ್ಲುಪುಡಿಗೆ, ಪೇಸ್ಟಿಗೆ ಹೊಗೆಸೊಪ್ಪು ಬೆರೆಸಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಹಾಕಿದೆ. ಆದರೆ ಆ ಕಾನೂನು ಕಾರ್ಖಾನೆಗಳಿಗೆ. ದೊಡ್ಡಪ್ಪನಿಗಲ್ಲ.

ನ್ಯಾಯವಾಗಿ ಹೇಳಬೇಕು, ಲವಂಗ ಪೂರ್ತಿ ಸುಳ್ಳಲ್ಲ. ಅದರಲ್ಲಿ ಯೂಜಿನಾಲ್ ಅನ್ನುವ ಎಣ್ಣೆಯಂಥ ವಸ್ತು ಇದೆ, ಅದು ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ. ಹಲ್ಲಿನ ಡಾಕ್ಟರುಗಳೂ ಅದನ್ನೇ ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ತೂತು ಮುಚ್ಚುತ್ತಾರೆ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದೂ ಒಳ್ಳೆಯದೇ. ತೊಂದರೆ ಏನೆಂದರೆ, ಬೆಳಗಾಗುವ ತನಕ ತಡೆದುಕೊಳ್ಳಲು ಇರುವ ಸಾಮಾನನ್ನು ನಾವು ಬೇಸಿಗೆಯಿಂದ ದೀಪಾವಳಿ ತನಕ ಎಳೆಯುತ್ತೇವೆ. ಇನ್ನು ಕೆಲವು ವೀರರು ನೋವಿನ ಮಾತ್ರೆಯನ್ನು ನುಂಗುವುದೇ ಇಲ್ಲ. ನೋವಿರುವ ಜಾಗಕ್ಕೇ ನೇರವಾಗಿ ತಲುಪಲಿ ಅಂತ ಆಸ್ಪಿರಿನ್ನನ್ನು ವಸಡಿಗೆ ಒತ್ತಿಕೊಂಡು ಮಲಗುತ್ತಾರೆ. ಬೆಳಗ್ಗೆ ಎದ್ದರೆ ವಸಡು ಸುಟ್ಟು ಬೆಳ್ಳಗಾಗಿರುತ್ತದೆ. ಒಂದು ನೋವಿದ್ದದ್ದು ಎರಡಾಯಿತು, ಅಷ್ಟೇ.

ಈ ಸಭೆಯಲ್ಲಿ ಯಾರಾದರೂ ಸುಮ್ನೆ "ನಾಳೆ ಡಾಕ್ಟರ ಹತ್ತಿರ ಹೋಗೋಣ್ವಾ?" ಅಂದುಬಿಟ್ಟರೆ ಮುಗಿಯಿತು. "ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ ಕಣಮ್ಮ!" ಸಾಕ್ಷಿಯೂ ಇದೆ. ಮನೆಯ ಅಜ್ಜ 70ನೇ ವಯಸ್ಸಿಗೆ ಹಲ್ಲು ಕೀಳಿಸಿದರು, 70ನೇ ವಯಸ್ಸಿಗೇ ಕಣ್ಣು ಮಂಜಾಯಿತು. ಎರಡಕ್ಕೂ ಕಾರಣ ಆ 70 ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಹೋಗಲಿ, ಕ್ಲೀನಾದರೂ ಮಾಡಿಸೋಣ ಅಂದರೆ ಹಲ್ಲು ಸಡಿಲ ಆಗುತ್ತಂತೆ. ವಸಡು ಸೋತು ಅಲ್ಲಾಡುತ್ತಿದ್ದ ಹಲ್ಲನ್ನು ಕಿಟ್ಟವೇ ಹಿಡಿದು ನಿಲ್ಲಿಸಿರುತ್ತದೆ. ಕಿಟ್ಟ ತೆಗೆದವರ ಮೇಲೆ ಅಪವಾದ, ಕಿಟ್ಟಕ್ಕೆ ಸನ್ಮಾನ.

ಇಷ್ಟೆಲ್ಲ ಆಗಿ ಕೆಲವು ದಿನಕ್ಕೆ ನೋವು ನಿಂತೇಬಿಡುತ್ತದೆ. ಮನೆಯಲ್ಲಿ ಸಂಭ್ರಮ. ಲವಂಗ ಗೆದ್ದಿತು, ಬೆಳ್ಳುಳ್ಳಿ ಗೆದ್ದಿತು, ಭಾವ ಗೆದ್ದರು. ನಿಜವಾಗಿ ಆದದ್ದೇನೆಂದರೆ, ಹಲ್ಲಿನೊಳಗಿನ ನರ ಕೊಳೆತು ಸತ್ತಿದೆ. ದೂರು ಕೊಟ್ಟವನೇ ತೀರಿಕೊಂಡ, ಇನ್ನೇನು ಕೇಸು ಅಂತ ಸ್ಟೇಷನ್ನಿನಲ್ಲಿ ಫೈಲು ಮುಚ್ಚಿದ ಹಾಗೆ. ಕಳ್ಳ ಮಾತ್ರ ಒಳಗೇ ಇದ್ದಾನೆ. ಕೆಲವು ತಿಂಗಳಾದ ಮೇಲೆ ಬೇರಿನ ತುದಿಯಲ್ಲಿ ಕೀವು ಕಟ್ಟಿ ಕೆನ್ನೆ ಊದುತ್ತದೆ. ಆಗ ಬೋರ್ಡ್ ಮತ್ತೆ ಸೇರಿ, ಉಪ್ಪಿನ ಗಂಟು ಬಿಸಿ ಮಾಡಿ ಕೆನ್ನೆಗೆ ಶಾಖ ಕೊಡುತ್ತದೆ. ಡಾಕ್ಟರುಗಳು ಊದಿದ ಕೆನ್ನೆಗೆ ಬಿಸಿ ಶಾಖ ಬೇಡವೇ ಬೇಡ ಅನ್ನುತ್ತಾರೆ. ಅವರ ಮಾತು ಕೇಳಿದವರಾರು?

ಅಲ್ಲಿಗೂ ಬಗ್ಗದಿದ್ದರೆ ಮೆಡಿಕಲ್ ಸ್ಟೋರ್. "ಅಣ್ಣಾ, ಹಲ್ಲುನೋವಿಗೆ ಏನಾದ್ರೂ ಕೊಡಿ." ಅಣ್ಣ ಬಾಯಿ ತೆಗೆಸುವುದಿಲ್ಲ, ಎಷ್ಟು ದಿನದಿಂದ ಅಂತ ಕೇಳುವುದಿಲ್ಲ. ಮೂರು ಡಬ್ಬ ಎಳೆದು, ಕತ್ತರಿಯಲ್ಲಿ ಸ್ಟ್ರಿಪ್ಪುಗಳನ್ನು ಕತ್ತರಿಸಿ, ನೋವಿನದ್ದು ಎರಡು, ಆಂಟಿಬಯೋಟಿಕ್ ಎರಡು, ಗ್ಯಾಸಿನದ್ದು ಎರಡು ಕವರಿಗೆ ಹಾಕುತ್ತಾನೆ. ಕವರಿನ ಮೇಲೆ ಪೆನ್ನಿನಲ್ಲಿ ಎರಡು ಗೀಟು: ಬೆಳಗ್ಗೆ ಒಂದು, ರಾತ್ರಿ ಒಂದು. ಮಾತ್ರೆಯ ಹೆಸರು, ಎಕ್ಸ್‌ಪೈರಿ ತಾರೀಖು ಎರಡೂ ಅಂಗಡಿಯಲ್ಲೇ ಉಳಿದ ಅರ್ಧ ಸ್ಟ್ರಿಪ್ಪಿನಲ್ಲಿ ಕ್ಷೇಮವಾಗಿರುತ್ತವೆ. ಒಂದು ದಿನದ ಆಂಟಿಬಯೋಟಿಕ್ಕಿಗೆ ಕೀವೂ ಹೋಗುವುದಿಲ್ಲ, ಕ್ರಿಮಿಯೂ ಸಾಯುವುದಿಲ್ಲ. ಊತ ದವಡೆಯ ಕೆಳಗೆ ಇಳಿದು, ಜ್ವರ ಬಂದು, ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟ ಆದರೆ ಅದು ಅಂಗಡಿಗೆ ಹೋಗುವ ವಿಷಯ ಅಲ್ಲ. ಉಸಿರಿನ ದಾರಿಯೇ ಮುಚ್ಚಬಹುದು. ಆ ಗಳಿಗೆಯಲ್ಲಿ ತಮಾಷೆ ಬಿಟ್ಟು ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಗೆ ಓಡಬೇಕು.

ಸಂತೆಯಲ್ಲಿ ಇನ್ನೊಬ್ಬ ಸ್ಪೆಷಲಿಸ್ಟ್ ಕೂತಿರುತ್ತಾನೆ. ಹುಳ ತೆಗೆಯುವವನು. ಗೋಣಿಚೀಲದ ಮೇಲೆ ಒಂದು ತಟ್ಟೆ ನೀರು, ಒಂದಿಷ್ಟು ಕೆಂಡ, ಪೊಟ್ಟಣದಲ್ಲಿ ಗುಳ್ಳದ ಬೀಜ. ಬೀಜಕ್ಕೆ ಎಣ್ಣೆ ಸವರಿ ಕೆಂಡಕ್ಕೆ ಹಾಕಿ, ತೂತಿರುವ ಚಿಪ್ಪು ಮುಚ್ಚಿ, ಕೊಳವೆಯಲ್ಲಿ ಹೊಗೆಯನ್ನು ರೋಗಿಯ ಬಾಯಿಗೆ ಬಿಡುತ್ತಾನೆ. ರೋಗಿ ಕೆಮ್ಮಿ, ಕಣ್ಣೀರಿಟ್ಟು, ಜೊಲ್ಲು ಸುರಿಸುತ್ತಾನೆ. ಆಮೇಲೆ ತಟ್ಟೆ ನೋಡಿದರೆ ನೀರಿನಲ್ಲಿ ಸಣ್ಣ ಬಿಳಿ ಎಳೆಗಳು. "ನೋಡಿ ಯಜಮಾನ್ರೇ, ನಿಮ್ ಹುಳ!" ಸುತ್ತ ನಿಂತವರೆಲ್ಲ ಬಗ್ಗಿ ನೋಡಿ ತಲೆಯಾಡಿಸುತ್ತಾರೆ. ಅದು ಬಿಸಿಗೆ ಬೀಜ ಸಿಡಿದು ಈಚೆ ಬಿದ್ದ ಒಳಗಿನ ಮೊಳಕೆ. ಹಲ್ಲಿನಲ್ಲಿ ಹುಳ ಇಲ್ಲ ಅಂತ ಫ್ರಾನ್ಸಿನ ಪಿಯರ್ ಫೋಶಾರ್ ಅನ್ನುವ ದಂತವೈದ್ಯ 1728ರಲ್ಲೇ ಬರೆದ. ಸಿಹಿ, ಹಿಟ್ಟಿನ ಪದಾರ್ಥ ತಿಂದ ಬ್ಯಾಕ್ಟೀರಿಯಾ ಬಿಡುವ ಆಮ್ಲದಿಂದ ಹಲ್ಲು ಕರಗುತ್ತದೆ ಅಂತ 1890ರಲ್ಲಿ ಅಮೆರಿಕದ ದಂತವೈದ್ಯ ಮಿಲ್ಲರ್ ವಿವರಿಸಿದ. ನೋಂದಣಿ ಇಲ್ಲದವರು ಹಲ್ಲಿಗೆ ಕೈ ಹಾಕಬಾರದು ಅಂತ 1948ರಲ್ಲಿ ನಮ್ಮಲ್ಲಿ ಕಾಯ್ದೆ ಬಂತು. ಸಂತೆಯ ಹುಳಗಳಿಗೆ ಈ ಮೂರೂ ಸುದ್ದಿ ಇನ್ನೂ ಮುಟ್ಟಿಲ್ಲ.

ಹಳ್ಳಿಯವರನ್ನು ನೋಡಿ ನಗುವ ಪೇಟೆಯವರ ಕಥೆ ಬೇರೆ ಇದೆಯಾ? ಅಜ್ಜಿ ಇದ್ದಿಲು, ಉಪ್ಪು ಹಾಕಿ ಉಜ್ಜುತ್ತಿದ್ದಾಗ ಟೀವಿ ನಕ್ಕು, ಛೇ ಹಲ್ಲು ಸವೆಯುತ್ತೆ ಅಂದಿತು. ಅಜ್ಜಿ ಹೆದರಿ ಒಲೆಯ ಇದ್ದಿಲನ್ನು ಹೊರಗೆ ಚೆಲ್ಲಿದರು. ಕೆಲವು ವರ್ಷದ ಮೇಲೆ ಅದೇ ಟೀವಿ ಬಂದು, ಪೇಸ್ಟಿನಲ್ಲಿ ಉಪ್ಪು ಹಾಕಿದ್ದೀವಿ ಅಂದಿತು. ಆಮೇಲೆ ಇದ್ದಿಲೂ ಬಂತು, ಕರೀ ಟ್ಯೂಬಿನಲ್ಲಿ, ಚಾರ್ಕೋಲ್ ಅನ್ನುವ ಹೆಸರಿನಲ್ಲಿ, ಮಾಮೂಲಿ ಪೇಸ್ಟಿಗಿಂತ ಜಾಸ್ತಿ ಬೆಲೆಗೆ. ಹಲ್ಲು ಆಗಲೂ ಸವೆಯುತ್ತಿತ್ತು, ಈಗಲೂ ಸವೆಯುತ್ತದೆ. ಈಗ ಮಾತ್ರ ಬಿಲ್ ಸಿಗುತ್ತದೆ. ಈ ಗಲಾಟೆಯ ನಡುವೆ ಹಳೇ ಮೈಸೂರಿನ ಕಡೆ ನಂಜನಗೂಡಿನ ಗುಲಾಬಿ ಹಲ್ಲುಪುಡಿ ತನ್ನ ಪಾಡಿಗೆ ಇದೆ, 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯದ್ದು. ನಮ್ಮ ಬಾಲ್ಯದಲ್ಲಿ ಅರ್ಧ ಹಲ್ಲಿಗೆ, ಅರ್ಧ ಹೊಟ್ಟೆಗೆ ಹೋಗುತ್ತಿದ್ದ ಪುಡಿ ಅದು.

ಪೇಸ್ಟಿನಲ್ಲಿ ನಿಜವಾಗಿ ಕೆಲಸ ಮಾಡುವ ಫ್ಲೋರೈಡ್ ಮಾತ್ರ ಡಬ್ಬಿಯ ಹಿಂದೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಾವಗಡದ ಕಡೆಯವರಿಗೆ ಅದನ್ನು ಓದುವ ಕಷ್ಟವೂ ಇಲ್ಲ. ಅಲ್ಲಿ ಕೊಳವೆಬಾವಿಯೇ ಫ್ಲೋರೈಡನ್ನು ಧಾರಾಳವಾಗಿ ಕೊಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬೋರು ಆಳಕ್ಕೆ ಇಳಿದಷ್ಟೂ ಅದು ಲೆಕ್ಕ ಇಡುವುದನ್ನು ಬಿಟ್ಟಿದೆ. ಶಾಲೆಯ ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಮತ್ತೆ ಅದೇ ಬೋರಿನ ನೀರು. ಆ ಪಟ್ಟೆ ಹಲ್ಲು ಬೆಳೆಯುವಾಗಲೇ ಒಳಗೆ ಕೂತದ್ದು, ಉಜ್ಜಿದರೆ ಹೋಗದು. ಆದರೂ ಮೊಬೈಲು ಹೇಳುತ್ತದೆ: ನಿಂಬೆರಸಕ್ಕೆ ಅಡುಗೆ ಸೋಡ ಬೆರೆಸಿ ಉಜ್ಜಿ, ಮುತ್ತಿನ ಹಾಗೆ ಹೊಳೆಯುತ್ತೆ! ನಿಂಬೆಯ ಹುಳಿಗೆ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್, ಕರಗಿ ಹೋಗಿ, ಐಸ್‌ಕ್ರೀಮಿನ ಹೆಸರು ಹೇಳಿದರೂ ಹಲ್ಲು ಜುಂ ಅನ್ನುತ್ತದೆ.

ತಮಾಷೆ ಏನು ಗೊತ್ತಾ? ನಮ್ಮ ಅಡುಗೆಮನೆಯಲ್ಲಿ ಹಲ್ಲಿಗೆ ನಿಜವಾದ ತುರ್ತುಚಿಕಿತ್ಸೆ ಒಂದಿದೆ. ಅದು ಯಾರಿಗೂ ಬೇಡ. ಗಲ್ಲಿ ಕ್ರಿಕೆಟ್ಟಿನಲ್ಲಿ ಚೆಂಡು ಬಿದ್ದು ಹುಡುಗನ ಶಾಶ್ವತ ಹಲ್ಲು ಬೇರುಸಮೇತ ಉದುರಿತು ಅನ್ನಿ. ಬೇರನ್ನು ಮುಟ್ಟದೆ, ಮೇಲ್ಭಾಗ ಹಿಡಿದು ಎತ್ತಿ, ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆ, ಒಂದು ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿದರೆ ಅದನ್ನೇ ತಿರುಗಿ ಕೂರಿಸಬಹುದು. ಮನೆಯಲ್ಲಿ ಹಾಲಿದೆ, ಲೋಟ ಇದೆ, ಸ್ಕೂಟರ್ ಇದೆ. ನಾವು ಮಾಡುವುದೇನು? ಹಲ್ಲನ್ನು ಸೋಪು ಹಾಕಿ ತಿಕ್ಕಿ, ಕಾಗದದಲ್ಲಿ ಸುತ್ತಿ, ಸಂಜೆ ಅಪ್ಪ ಬರಲಿ ಅಂತ ದೇವರ ಗೂಡಿನಲ್ಲಿ ಇಡುತ್ತೇವೆ. ಇಲ್ಲವೇ ಹಾಲುಹಲ್ಲಿನ ಅಭ್ಯಾಸದಲ್ಲಿ ಸಗಣಿ ಉಂಡೆಗೆ ಸೇರಿಸಿ ಮಾಡಿನ ಮೇಲೆ ಎಸೆಯುತ್ತೇವೆ. ಹಾಲು ಕಾಫಿಗೆ ಹೋಗುತ್ತದೆ.

ಮನೆಯವರನ್ನೇ ಯಾಕೆ ಬೈಯಬೇಕು, ಹಲ್ಲನ್ನು ದೇಹದ ಲೆಕ್ಕಕ್ಕೆ ಸೇರಿಸಲು ವಿಮೆಯವರಿಗೂ ಮನಸ್ಸಿಲ್ಲ. ತಲೆಯಿಂದ ಕಾಲಿನವರೆಗೆ ಎಲ್ಲ ಕವರ್ ಆಗುತ್ತೆ ಸಾರ್ ಅನ್ನುವ ಏಜೆಂಟರಿಗೆ ಬಾಯಿಯೊಳಗಿನದ್ದು ಕೇಳಿ ನೋಡಿ.

"ರೂಟ್ ಕೆನಾಲ್?"

"ಅದು ಬರಲ್ಲ ಸಾರ್. ಅಪಘಾತದಲ್ಲಿ ಮುರಿದು ಆಸ್ಪತ್ರೆಗೆ ಅಡ್ಮಿಟ್ ಆದ್ರೆ ಬರುತ್ತೆ."

ಬಹುತೇಕ ಪಾಲಿಸಿಗಳ ಕಥೆ ಇದೇ. ಅಂದರೆ ಹುಳುಕು ಹಲ್ಲಿನವರು ಸಿಲ್ಕ್ ಬೋರ್ಡಿನಲ್ಲಿ ಒಂದು ಲಾರಿಗೆ ಮುಖ ಕೊಟ್ಟು ಬಂದರೆ ಕ್ಲೇಮು ಸಲೀಸು. ರೂಟ್ ಕೆನಾಲಿಗೆ ಮೇಲೊಂದು ಕ್ಯಾಪ್ ಸೇರಿದರೆ ಸಾವಿರಗಳ ಮಾತು. ಹಾಗಿರುವಾಗ ಜನ ನಾಲ್ಕು ಲವಂಗದ ಹಿಂದೆ ಹೋಗುವುದರಲ್ಲಿ ಆಶ್ಚರ್ಯ ಏನಿದೆ.

ಸರ್ಕಾರ ಸುಮ್ಮನೆ ಕೂತಿದೆ ಅಂದರೆ ತಪ್ಪಾಗುತ್ತದೆ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಅನ್ನಭಾಗ್ಯ, ಕ್ಷೀರಭಾಗ್ಯಗಳ ಸಾಲಿನಲ್ಲಿ ದಂತಭಾಗ್ಯವೂ ಬಂತು. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್. ಒಳ್ಳೆಯ ಕೆಲಸವೇ, ಎಷ್ಟೋ ಅಜ್ಜ ಅಜ್ಜಿಯರು ನಕ್ಕರು. ಆದರೆ ಅದರ ಷರತ್ತು ನೋಡಿ. ಹಲ್ಲು ಇರುವ ತನಕ ಅದು ನಿಮ್ಮ ಮನೆಯ ವಿಷಯ. ಉದುರಿದ ಮೇಲೆ ರಾಜ್ಯದ ವಿಷಯ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತ ಹಿರಿಯರು ದೇವರನ್ನು ದೂರಿದ್ದರು. ಯೋಜನೆ ಬರೆದವರು ಆ ದೂರನ್ನೇ ಅರ್ಹತೆಯ ಪಟ್ಟಿ ಮಾಡಿಕೊಂಡ ಹಾಗಿದೆ.

ಸೆಟ್ ಬಂದ ಮೇಲಾದರೂ ಮನೆಯ ಬೋರ್ಡಿಗೆ ರಜೆ ಸಿಕ್ಕಿತಾ? ಹೊಸ ಸೆಟ್ ವಸಡಿಗೆ ಚುಚ್ಚುವುದು ಸಹಜ. ಒಂದೆರಡು ಸಲ ಹೋದರೆ ಡಾಕ್ಟರೇ ಉಜ್ಜಿ ಸರಿಮಾಡಿ ಕೊಡುತ್ತಾರೆ. ಅಷ್ಟು ದೂರ ಬಸ್ಸು ಹತ್ತಿ ಯಾರು ಹೋಗುತ್ತಾರೆ ಅಂತ ಮೊಮ್ಮಗ ಮರಳು ಕಾಗದದಲ್ಲಿ ತಾನೇ ಉಜ್ಜಿ ಕೊಡುತ್ತಾನೆ. ಈಗ ಅದು ಸಡಿಲ. ತೊಳೆಯುವಾಗ ಕೈಜಾರಿ ಬಚ್ಚಲಲ್ಲಿ ಬಿದ್ದು ಎರಡು ಹೋಳಾದರೆ, ಮೂಲೆ ಅಂಗಡಿಯ ಐದು ರೂಪಾಯಿ ಗಮ್ ಹಾಕಿ ಅಂಟಿಸುತ್ತಾರೆ. ಅಜ್ಜ ಅದನ್ನು ಬಾಯಿಗೆ ಹಾಕಿಕೊಳ್ಳುವುದು ಮದುವೆ ಮನೆಯ ಫೋಟೋಕ್ಕೆ ಮಾತ್ರ. ಫೋಟೋ ಮುಗಿದ ಕೂಡಲೇ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಳಿಸಿ, ಪಂಕ್ತಿಯಲ್ಲಿ ಕೂತು, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಲು ಹೇಳುತ್ತಾರೆ.